ಪದಚರ್ಚೆ: ‘ಕ್ರೋಶಾ’ಗೆ ಬೋರ್ಡಿನ ಮೇಲೆ ಏನು ಬರೆಯಲಿ? (ಗುರುವಾರದೊಳಗೆ ಬೇಕು)

ವೀ., ಮೈಸೂರು (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಎರಡು ಮೂರು ಪದ ಬೇಕಾಗಿವೆ. ನಿಘಂಟು ತೆಗೆದು ನೋಡಿಯೇ ಕೇಳುತ್ತಿದ್ದೇನೆ, ‘ನಿಘಂಟು ನೋಡಿ’ ಅನ್ನಬೇಡಿ.

ನಮ್ಮ ಬೀದಿಯ ಹತ್ತು ಹನ್ನೆರಡು ಹೆಂಗಸರು ಒಂದು ವರ್ಷದಿಂದ ನಮ್ಮನೆ ಹಜಾರದಲ್ಲಿ ಕೂತು ಕ್ರೋಶಾ (ಕೊಕ್ಕೆಯಿರುವ ಒಂದೇ ಕಡ್ಡಿಯಲ್ಲಿ ಮಾಡುವ ದಾರದ ಕೆಲಸ) ಹಾಕುತ್ತಿದ್ದೇವೆ. ನಾನು ಕಲಿತದ್ದು ಮಿನೆಸೋಟದಲ್ಲಿ, ಮಗಳ ಬಾಣಂತನಕ್ಕೆ ಹೋಗಿದ್ದಾಗ. ಆರು ತಿಂಗಳು ಹೊರಗೆ ಹಿಮ. ಒಳಗೆ ಪಕ್ಕದ ಮನೆಯ ಅಜ್ಜಿ, ಅವರ ಉಲ್ಲನ್ ಬುಟ್ಟಿ. ಅವರು ಕಲಿಸಿದ್ದು ಅಲ್ಲಿಯವರು ‘ಅಫ್ಘನ್’ ಅನ್ನುವ ಹೊದಿಕೆ. ಆರಿಂಚಿನ ಚೌಕಗಳನ್ನು ಒಂದೊಂದಾಗಿ ಮಾಡಿಟ್ಟುಕೊಂಡು, ಅಡ್ಡಕ್ಕೆ 8 ಉದ್ದಕ್ಕೆ 10 ಜೋಡಿಸಿದರೆ 80 ಚೌಕ. ನಾಲ್ಕಡಿ ಅಗಲ, ಐದಡಿ ಉದ್ದ. ಒಂದೊಂದು ಚೌಕಕ್ಕೆ ‘ಗ್ರ್ಯಾನಿ ಸ್ಕ್ವೇರ್’ ಅಂತ ಹೆಸರು.

ಈ ಶನಿವಾರ ಬಡಾವಣೆಯ ಸಂತೆಯಲ್ಲಿ ನಮ್ಮದೊಂದು ಮಳಿಗೆ ಇದೆ. ಫ್ಲೆಕ್ಸಿಗೆ ನಾನು ಬರೆದುಕೊಟ್ಟದ್ದು ‘ಕೈಯಲ್ಲೇ ಹೆಣೆದ ಹೊದಿಕೆಗಳು’. ಅಂಗಡಿಯ ಹುಡುಗ ಟೈಪ್ ಮಾಡಿ ವಾಟ್ಸಾಪಿಗೆ ಕಳಿಸಿದ. ಕನ್ನಡಕ ಹಾಕಿಕೊಳ್ಳದೆ ಓಕೆ ಅಂದೆ. ಆರಡಿ ಫ್ಲೆಕ್ಸ್ ಮನೆಗೆ ಬಂತು: ‘ಕೈಯಲ್ಲೇ ಹೆಣದ ಹೊದಿಕೆಗಳು’. ಬಿಚ್ಚಿ ಓದಿದ ನಮ್ಮತ್ತೆ, “ಇದನ್ನ ಯಾರು ತಗೋತಾರೆ, ಯಾರಿಗೆ ಹೊದಿಸೋಕೆ?” ಅಂದರು.

ಮತ್ತೆ ಅಚ್ಚು ಹಾಕಿಸಬೇಕು. ‘ಹೆಣೆದ’ ನನಗೀಗ ಬೇಡ. ಕ್ರೋಶಾಗೆ, ಅಫ್ಘನ್‌ಗೆ, ಗ್ರ್ಯಾನಿ ಸ್ಕ್ವೇರಿಗೆ ಕನ್ನಡದಲ್ಲಿ ಏನು ಬರೆಯಲಿ? ಜೊತೆಗೆ ಒಂದು ಪುಟದ ‘ಮನೆಯಲ್ಲೇ ಕಲಿಯಿರಿ’ ಕರಪತ್ರವನ್ನೂ ಇಂಗ್ಲಿಷಿನಿಂದ ಮಾಡುತ್ತಿದ್ದೇನೆ. ಗುರುವಾರ ಸಂಜೆ ಅಂಗಡಿಗೆ ಕೊಡಬೇಕು.

ರಾ., ತುಮಕೂರು (ಮಂಗಳವಾರ)

ಒಂದು ಎತ್ವ ಬಿದ್ದುಹೋಯಿತೆಂದು ಧಾತುವನ್ನೇ ಮನೆಯಿಂದ ಆಚೆ ಹಾಕುವುದೆ? ತಪ್ಪು ಅಚ್ಚಿನವನದು, ‘ಹೆಣೆ’ಯದಲ್ಲ. ಹಳಗನ್ನಡದ ‘ಪೆಣೆ’, ತಮಿಳಿನ ‘ಪಿಣೈ’. ಇದಕ್ಕಿಂತ ಹಳೆಯ, ಇದಕ್ಕಿಂತ ನೇರ ಪದ ಇನ್ನೊಂದಿಲ್ಲ.

‘ಕ್ರೋಶಾ’ ಬರೆಯಲೇಬೇಡಿ. ಸಂಸ್ಕೃತದಲ್ಲಿ ಕ್ರೋಶವೆಂದರೆ ಕೂಗು. ಕೂಗು ಕೇಳಿಸುವಷ್ಟು ದೂರ ಎಂಬುದರಿಂದ ಅಳತೆಯ ಹೆಸರೂ ಆಯಿತು. ನಾಲ್ಕು ಕ್ರೋಶಕ್ಕೆ ಒಂದು ಯೋಜನ. ಹಿಂದಿಯ ‘ಕೋಸ್’ ಅದೇ, ನಮ್ಮ ‘ಆಕ್ರೋಶ’ವೂ ಅದೇ. ‘ಕ್ರೋಶ ತರಗತಿ’ ಎಂದು ಬೋರ್ಡು ಹಾಕಿದರೆ ಕಿರುಚುವುದನ್ನು ಹೇಳಿಕೊಡುತ್ತೀರಿ ಎಂದಾಗುತ್ತದೆ.

ಫ್ರೆಂಚಿನಲ್ಲಿ ಆ ಪದಕ್ಕೆ ಇರುವ ಅರ್ಥ ಚಿಕ್ಕ ಕೊಕ್ಕೆ, ಅಷ್ಟೆ. ಆದ್ದರಿಂದ ‘ಕೊಕ್ಕೆಹೆಣಿಗೆ’. ಮುಗಿಯಿತು.

ಬ., ಧಾರವಾಡ (ಮಂಗಳವಾರ)

ಮುಗೀಲಿಲ್ರಿ ಸರ. ನಮ್ಮ ಕಡೆ ಹಣಿಗಿ ಅಂದ್ರ ತಲಿ ಬಾಚ್ಕೊಳ್ಳೋದು. ‘ಕೊಕ್ಕೆಹೆಣಿಗೆ’ ಅಂತ ಬರದ್ರ ಇಲ್ಲಿ ಮಂದಿ ಹೇನಿನ ಬಾಚಣಿಕಿ ಕೇಳ್ಕೋತ ಬರ್ತಾರ. ಹೊಟ್ಟ್ಯಾಗಿನ ಕೊಕ್ಕೆಹುಳಾ ಬ್ಯಾರೆ ನೆನಪಾಗ್ತದ. ಮ್ಯಾಲೆ ‘ಕೊಕ್ಕೆ ಹಾಕೋದು’ ಅಂದ್ರ ಏನು ಅಂತ ಕನ್ನಡದವರಿಗೆಲ್ಲಾ ಗೊತ್ತು. ಅದಕ್ಕ ಈ ಗುಂಪಿನ್ಯಾಗ ತರಗತಿ ಬೇಕಾಗಿಲ್ಲ.

ಹೊದಿಕಿಗೆ ಮಾತ್ರ ನಮ್ಮಲ್ಲಿ ಚಂದನ್ನ ಪದ ಅದ: ಕೌದಿ. ಹಳೆ ಸೀರಿ ತುಂಡು, ಒಂದೊಂದು ಬಣ್ಣ, ಒಂದೊಂದು ನೆನಪು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳ ಕೌದಿ ನೋಡ್ರಿ, ಮೂಲಿಮೂಲಿಗೂ ತ್ರಿಕೋನದ ತುಂಡು ಇಟ್ಟು ಮುಗಸ್ತಾರ. ನಿಮ್ಮ ಅಫ್ಘನ್ನೂ ತುಂಡು ತುಂಡು ಕೂಡಿಸಿ ಮಾಡಿದ್ದೇ ಅಲ್ಲೇನ್ರಿ ಅಕ್ಕಾರ? ‘ಉಲ್ಲನ್ ಕೌದಿ’ ಅನ್ರಿ.

ರಾ., ತುಮಕೂರು

ಕೌದಿ ಹೊಲಿಯುವುದು. ಇದು ಹೊಲಿಗೆಯಲ್ಲ. ನೇಯು, ಹೆಣೆ, ಹೊಲಿ ಮೂರೂ ಬೇರೆ ಕ್ರಿಯೆ. ಭಾವುಕತೆಯಿಂದ ಪದ ಹುಟ್ಟುವುದಿಲ್ಲ.

ಬ., ಧಾರವಾಡ

ಚೌಕ ಚೌಕ ಕೂಡ್ಸೋದು ಯಾತರಲೆ? ಸೂಜಿಲೆ. ಹೊಲಿಗಿ ಅಲ್ಲೇನು?

ಶೈ., ಬೆಂಗಳೂರು (ಮಂಗಳವಾರ ರಾತ್ರಿ)

ನಾನು ಭಾಷೆ ಓದಿದವಳಲ್ಲ, ಈ ಗುಂಪಿನಲ್ಲಿ ಸುಮ್ಮನೆ ಓದಿಕೊಂಡಿರುವವಳು. ಆದರೆ ಹದಿನೈದು ವರ್ಷದಿಂದ ಸೀರೆ ಕುಚ್ಚು ಹಾಕಿ ಬದುಕುತ್ತಿದ್ದೇನೆ. ನೀವೆಲ್ಲ ‘ಕನ್ನಡದಲ್ಲಿ ಏನನ್ನಬೇಕು’ ಅಂತ ಕೇಳುತ್ತಿರುವುದನ್ನು ನಾವು ದಿನಾ ಅನ್ನುತ್ತಿದ್ದೇವೆ. ಯಾವ ಬ್ಲೌಸ್ ಅಂಗಡಿಯ ಮುಂದೆ ಬೇಕಾದರೂ ನೋಡಿ, ‘ಕ್ರೋಶಾ ಕುಚ್ಚು ಹಾಕಿಕೊಡಲಾಗುವುದು’ ಅಂತ ಇರುತ್ತದೆ. ಅದನ್ನು ಓದಿ ಯಾರೂ ಕಿರುಚಿಕೊಂಡು ಬಂದಿಲ್ಲ ಸರ್. ‘ಒಂದು ಸೀರೆಗೆ ಎಷ್ಟು?’ ಅಂತ ಕೇಳಿಕೊಂಡು ಬರುತ್ತಾರೆ.

ಇನ್ನೊಂದು ವಿಷಯ. ನಾವು ಸ್ವೆಟರ್ ಹೆಣೆಯುತ್ತೇವೆ, ಕ್ರೋಶಾ ಹಾಕುತ್ತೇವೆ. ಕ್ರೋಶಾ ಹೆಣೆಯುತ್ತೇವೆ ಅಂತ ನಮ್ಮಮ್ಮ ಒಂದು ದಿನವೂ ಅಂದದ್ದು ಕೇಳಿಲ್ಲ. ಅದಕ್ಕೆ ಕಾರಣವೂ ಇದೆ. ಹೆಣಿಗೆಯಲ್ಲಿ ಎರಡು ಕಡ್ಡಿ, ಸಾಲಿನ ಅಷ್ಟೂ ಕುಣಿಕೆ ಕಡ್ಡಿಯ ಮೇಲೆ ಜೀವಂತ ಇರುತ್ತವೆ. ಒಂದು ಜಾರಿದರೆ ಏಣಿ ಬಿದ್ದಂತೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಕ್ರೋಶಾದಲ್ಲಿ ಒಂದೇ ಕಡ್ಡಿ, ಅದರ ಮೇಲೆ ಉಳಿಯುವುದು ಒಂದೇ ಕುಣಿಕೆ. ಹಾಲು ಉಕ್ಕಿತು ಅಂತ ಎದ್ದು ಓಡಿದರೂ ಕೆಲಸ ಕೆಡುವುದಿಲ್ಲ.

ವೀ. ಅವರೇ, ಬೋರ್ಡಿಗಿಂತ ನಿಮ್ಮ ಕರಪತ್ರ ನನಗೆ ಹೆದರಿಕೆ ಹುಟ್ಟಿಸಿದೆ. ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟರೆ ಹೊದಿಕೆ ಹಾಳಾಗುತ್ತದೆ. ಅಮೆರಿಕದವರು ‘ಸಿಂಗಲ್’ ಅನ್ನುವ ಸ್ಟಿಚ್ಚಿಗೆ ಇಂಗ್ಲೆಂಡಿನವರು ‘ಡಬಲ್’ ಅನ್ನುತ್ತಾರೆ. ಅಮೆರಿಕದ ‘ಡಬಲ್’ ಇಂಗ್ಲೆಂಡಿನಲ್ಲಿ ‘ಟ್ರೆಬಲ್’. ನೀವು ‘ಜೋಡಿ’ ಅಂತ ಬರೆದರೆ ಬ್ರಿಟಿಷ್ ಪುಸ್ತಕದಲ್ಲಿ ಕಲಿತವರು ಗಿಡ್ಡ ಸ್ಟಿಚ್ಚು ಹಾಕುತ್ತಾರೆ, ಆರಿಂಚಿನ ಚೌಕ ನಾಲ್ಕಿಂಚಿಗೆ ನಿಲ್ಲುತ್ತದೆ. ಮೊದಲ ಸಲ ಕಂಪ್ಯೂಟರಿನಲ್ಲಿ ನೋಡಿ ಮಗುವಿನ ಟೋಪಿ ಹಾಕಿದಾಗ ನನಗೆ ಆದದ್ದು ಇದೇ, ಟೋಪಿ ತೆಂಗಿನಕಾಯಿಗೆ ಆಯಿತು.

ನಮ್ಮಮ್ಮನ ಕಡೆ ಹೀಗೆ: ಮೊದಲು ‘ಚೈನು’, ಅಂದರೆ ಕುಣಿಕೆಗಳ ಸರಪಳಿ. ಚೈನಿನ ಮೇಲೆ ನಿಲ್ಲಿಸುವ ಸ್ಟಿಚ್ಚು ‘ಕಂಬ’. ಕೊಕ್ಕೆಯನ್ನು ಒಳಗೆ ತೂರಿಸುವ ಮುಂಚೆ ದಾರವನ್ನು ಕಡ್ಡಿಗೆ ಎಷ್ಟು ಸಲ ಸುತ್ತಿಕೊಳ್ಳುತ್ತೀರಿ ಅನ್ನುವುದೇ ಕಂಬದ ಲೆಕ್ಕ. ಸುತ್ತೇ ಇಲ್ಲದಿದ್ದರೆ ಗಿಡ್ಡ ಕಂಬ, ಒಂದು ಸುತ್ತಿನ ಕಂಬ, ಎರಡು ಸುತ್ತಿನ ಕಂಬ. ಅಮೆರಿಕದವರೂ ಬ್ರಿಟಿಷರೂ ಕೈಯಲ್ಲಿ ಮಾಡುವುದು ಒಂದೇ, ಹೆಸರು ಮಾತ್ರ ಬೇರೆ. ಹಾಗಾಗಿ ಸುತ್ತು ಎಣಿಸಿ ಬರೆಯಿರಿ, ಯಾರಿಗೂ ತಪ್ಪುವುದಿಲ್ಲ. ಗ್ರ್ಯಾನಿ ಸ್ಕ್ವೇರಿಗೆ ಬೇಕಾದದ್ದು ಇಷ್ಟೇ: ನಡುವೆ ಒಂದು ಉಂಗುರ, ಅದರೊಳಗೆ ಒಂದು ಸುತ್ತಿನ ಕಂಬ ಮೂರು ಮೂರರಂತೆ ನಾಲ್ಕು ಗೊಂಚಲು, ಗೊಂಚಲು ಗೊಂಚಲಿನ ನಡುವೆ ಚೈನು. ಆ ಚೈನಿನ ಸಂದುಗಳೇ ನಾಲ್ಕು ಮೂಲೆ. ಮುಂದಿನ ಸುತ್ತಿನಲ್ಲಿ ಒಂದೊಂದು ಮೂಲೆಗೂ ಎರಡೆರಡು ಗೊಂಚಲು.

ಬ., ಧಾರವಾಡ

ಬೆಳಗಾವಿ ಕಡೆ ಮರಾಠಿ ಹೆಣ್ಮಕ್ಕಳೂ ‘ಖಾಂಬ’ ಅಂತಾರ್ರಿ, ಚೈನಿಗೆ ‘ಸಾಖಳಿ’. ಅಂದ್ರ ಕಂಬ ಗಟ್ಟಿ ಆತು. ಶೈ. ಅವರು ಹೇಳಿದ್ದು ಖರೆ.

ಕಿ., ಬಳ್ಳಾರಿ (ಬುಧವಾರ)

ಪಕ್ಕದ ಮನೆಯನ್ನೂ ಸ್ವಲ್ಪ ನೋಡಿ. ಆಂಧ್ರದಲ್ಲಿ, ಗೋದಾವರಿ ಕಡೆಯ ನರಸಾಪುರದಲ್ಲಿ 1844ರಲ್ಲಿ ಮಿಷನರಿ ದಂಪತಿ ಕಲಿಸಿಕೊಟ್ಟ ಕೆಲಸ ಇದು. ಈಗ ಸುತ್ತಲಿನ ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಮಾಡುತ್ತಾರೆ, 2024ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಅವರು ಕ್ರೋಶಾನೂ ಅನ್ನಲಿಲ್ಲ, ಕೊಕ್ಕೆಯನ್ನೂ ಹುಡುಕಲಿಲ್ಲ. ತೆಲುಗಿನಲ್ಲಿ ‘ಲೇಸು ಅಲ್ಲಿಕ’ (ಲೇಸ್ ಹೆಣಿಗೆ) ಅಂದರು, ನಡೆಯಿತು. ನಮಗಂತೂ ‘ಲೇಸು’ ಅಂದರೆ ಒಳ್ಳೆಯದೇ ಆಯಿತಲ್ಲ!

ರಾ., ತುಮಕೂರು

ಲೇಸು ಬೇರೆ, ಲೇಸ್ ಬೇರೆ. ಶ್ಲೇಷೆ ಪದಚರ್ಚೆಯಲ್ಲ.

ಅ., ಮಂಡ್ಯ (ಬುಧವಾರ)

ಎಲ್ಲರೂ ಎರವಲು ಪದಗಳ ಮೇಲೇ ನಿಂತಿದ್ದೀರಿ. ಕೊಕ್ಕೆ ಬರಿಯ ಸಲಕರಣೆ. ಕೆಲಸ ನಡೆಯುವುದು ಕುಣಿಕೆಯಿಂದ. ಕುಣಿಕೆಯೊಳಗೆ ಕುಣಿಕೆ. ಹಾಗಾಗಿ ‘ಕುಣಿಕೆಗೆಲಸ’. ಅಚ್ಚಗನ್ನಡ, ಹೊಸತು, ಬಾಯಲ್ಲಿ ಸಲೀಸು. ಹೊಸ ಪದ ಕಟ್ಟಲು ಹೆದರುವ ನುಡಿ ಬೆಳೆಯುವುದಿಲ್ಲ.

ವೀ., ಮೈಸೂರು

ಹೆಣದಿಂದ ಪಾರಾಗಲು ಬಂದವಳಿಗೆ ಕುಣಿಕೆ ತೋರಿಸಿದಿರಿ.

ಕಿ., ಬಳ್ಳಾರಿ

:) ಅದಿರಲಿ, ‘ಪೆಣೆ’ಗೂ ‘ಪೆಣ’ಕ್ಕೂ ನಂಟಿದೆ ಅಂತ ನನ್ನ ಅನುಮಾನ. ತಮಿಳಿನಲ್ಲೂ ನೋಡಿ, ಪಿಣೈ – ಪಿಣಂ. ಚಟ್ಟಕ್ಕೆ ಹೆಣೆದು ಬಿಗಿಯುವುದರಿಂದಲೇ ಹೆಣ ಆಗಿರಬಾರದೇಕೆ? ಹಾಗಿದ್ದರೆ ಆ ಹುಡುಗ ಟೈಪ್ ಮಾಡಿದ್ದು ತಪ್ಪಲ್ಲ, ಮೂಲಕ್ಕೆ ಹೋದದ್ದು.

ರಾ., ತುಮಕೂರು

ಉಚ್ಚಾರ ಹತ್ತಿರವಿದ್ದರೆ ನಂಟಸ್ತನ ಹೂಡುವುದು ಮದುವೆ ದಲ್ಲಾಳಿಯ ಕೆಲಸ.

ಅ. ಅವರ ಉತ್ಸಾಹ ಮೆಚ್ಚುತ್ತೇನೆ, ಪದವನ್ನಲ್ಲ. ಆದರೆ ಅವರ ತತ್ತ್ವ ಸರಿ. ಮನೆಯಲ್ಲಿ ‘ಹೆಣೆ’ ಇಟ್ಟುಕೊಂಡು ಫ್ರೆಂಚರ ಬಾಗಿಲಿಗೆ ಹೋಗುವುದು ದಾರಿದ್ರ್ಯ. ಇಂದು ಕ್ರೋಶಾ, ನಾಳೆ ಉಲ್ಲನ್, ನಾಡಿದ್ದು ಏನು ಉಳಿಯುತ್ತದೆ?

ಮು., ಶಿವಮೊಗ್ಗ (ಬುಧವಾರ ರಾತ್ರಿ)

ಮೇಷ್ಟ್ರೇ, ನಿಮ್ಮ ಮನೆಯ ಹೊಲಿಗೆ ಡಬ್ಬಿ ತೆರೆಯೋಣ. ಸೂಜಿ, ಕತ್ತರಿ: ಸಂಸ್ಕೃತದಿಂದ. ದರ್ಜಿ, ಶಾಲು, ರುಮಾಲು: ಪಾರಸಿ. ಕಂಬಳಿ: ಕಂಬಲ. ‘ಉಣ್ಣೆ’ ಅಚ್ಚಗನ್ನಡ ಅಂದುಕೊಂಡಿದ್ದರೆ ಅದು ಊರ್ಣಾ, ಪ್ರಾಕೃತದ ಮೂಲಕ ಬಂದದ್ದು. ಧಾರವಾಡದವರು ಗಟ್ಟಿ ಮಾಡಿದ ‘ಕಂಬ’ವೂ ಸ್ತಂಭ-ಸ್ಕಂಭದ ಕಡೆಯದೇ. ಎರವಲನ್ನೆಲ್ಲ ಆಚೆ ಇಟ್ಟರೆ ನಿಮ್ಮ ಪಾಲಿಗೆ ನೂಲು, ಎಳೆ, ಕೊಕ್ಕೆ. ಇಷ್ಟರಲ್ಲಿ ಹೊದಿಕೆ ಮಾಡಿ ಹೊದ್ದುಕೊಳ್ಳಿ, ಆಗುಂಬೆಯ ಜುಲೈ ತಿಂಗಳಿಗೆ ಕಳಿಸುತ್ತೇನೆ.

‘ಉಲ್ಲನ್’ ಬಗ್ಗೆ ಒಂದು ಮಾತು. ಅದನ್ನು ‘ಉಣ್ಣೆ’ ಅಂತ ತಿದ್ದಬೇಡಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್, ಅದರಲ್ಲಿ ಕುರಿಯ ಕೂದಲಿಲ್ಲ. ಕನ್ನಡದಲ್ಲಿ ಉಲ್ಲನ್ ಈಗ ದಾರದ ದಪ್ಪಕ್ಕೂ ನುಣುಪಿಗೂ ಇರುವ ಹೆಸರು. ಕುರುಬರ ಕಂಬಳಿಯದ್ದು ಉಣ್ಣೆ. ವೀ. ಅವರು ಕರಪತ್ರದಲ್ಲಿ ‘ಉಣ್ಣೆಯ ಹೊದಿಕೆ’ ಅಂತ ಹಾಕಿದರೆ ಅದು ಸುಳ್ಳು. ಎರವಲು ಪದ ನಿಜ ಹೇಳುತ್ತಿದೆ, ಅಚ್ಚ ಪದ ಸುಳ್ಳು ಹೇಳುತ್ತಿದೆ. ಈಗೇನು ಮಾಡುತ್ತೀರಿ?

ಇನ್ನು ಅಫ್ಘನ್. ಅದನ್ನು ಹಾಗೇ ಬರೆದರೆ ಕಾಬೂಲಿನಿಂದ ಬಂದ ಮಾಲು ಅಂದುಕೊಳ್ಳುತ್ತಾರೆ. ದೇಶದ ಹೆಸರೇ ಹೌದು, 19ನೇ ಶತಮಾನದಲ್ಲಿ ಆ ಕಡೆಯ ಬಣ್ಣಬಣ್ಣದ ಶಾಲು, ರತ್ನಗಂಬಳಿಗಳ ನೆಪದಲ್ಲಿ ಇಂಗ್ಲಿಷಿಗೆ ಹೊಕ್ಕಿತು. ಆದರೆ ಈ ಹೊದಿಕೆಯನ್ನು ಹಾಗೆ ಕರೆಯುವುದು ಅಮೆರಿಕ, ಕೆನಡಾದವರು. ಚೌಕವೂ ಅಲ್ಲಿಯದೇ, 1885ರಲ್ಲಿ ಅಲ್ಲಿನ ರೈತಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಉಳಿದ ಚೂರುಪಾರು ದಾರ ವ್ಯರ್ಥವಾಗದಿರಲಿ ಅನ್ನುವ ಮನೆವಾರ್ತೆಯ ಬುದ್ಧಿ, ನಮ್ಮ ಕೌದಿಯ ಹಾಗೇ. ಸಾಲದ್ದಕ್ಕೆ ‘ಅಫ್ಘನ್ ಹೊಲಿಗೆ’ ಅಂತ ಇನ್ನೊಂದಿದೆ. ಉದ್ದ ಕೊಕ್ಕೆಯ ಮೇಲೆ ಸಾಲಿನ ಅಷ್ಟೂ ಕುಣಿಕೆ ಹಿಡಿದಿಟ್ಟು ಆಮೇಲೆ ಬಿಡುತ್ತಾ ಬರುವುದು. ಶೈ. ಅವರ ‘ಒಂದೇ ಕುಣಿಕೆ’ ಲಕ್ಷಣ ಅಲ್ಲಿ ಸೋಲುತ್ತದೆ. ಹಾಗಾಗಿ ಅಫ್ಘನ್ ಬಿಟ್ಟುಬಿಡಿ, ‘ಹೊದಿಕೆ’ ಸಾಕು.

ಶೈ., ಬೆಂಗಳೂರು

ಅದು ನನಗೆ ಗೊತ್ತು ಸರ್. ಅದನ್ನು ನಾವು ಕ್ರೋಶಾ ಅನ್ನುವುದೇ ಇಲ್ಲ, ‘ಉದ್ದ ಕಡ್ಡಿಯದು’ ಅನ್ನುತ್ತೇವೆ.

ಅ., ಮಂಡ್ಯ

ಕ್ರೋಶಾನೇ ಬರೆಯುವುದಾದರೆ ಸರಿಯಾಗಿಯಾದರೂ ಬರೆಯಿರಿ. ಮೂಲದ ಉಚ್ಚಾರ ‘ಕ್ರೋಶೆ’. ಎಕಾರಾಂತ ಆದ್ದರಿಂದ ಕ್ರೋಶೆಯ, ಕ್ರೋಶೆಗೆ ಅಂತ ವಿಭಕ್ತಿಯೂ ಸಲೀಸು. ‘ಕ್ರೋಶಾಗೆ’ ಅಂದರೆ ಯಾರೋ ಹುಡುಗಿಯ ಹೆಸರಿನ ಹಾಗಿದೆ.

ಮು., ಶಿವಮೊಗ್ಗ

ನಿನ್ನೆ ಕುಣಿಕೆ, ಇವತ್ತು ಫ್ರೆಂಚ್ ಉಚ್ಚಾರ. ಚೆನ್ನಾಗಿದೆ.

ವೀ., ಮೈಸೂರು (ಗುರುವಾರ ರಾತ್ರಿ)

ಎಲ್ಲರಿಗೂ ವಂದನೆ. ಫ್ಲೆಕ್ಸ್ ಹೋಯಿತು. ಈ ಸಲ ಕನ್ನಡಕ ಹಾಕಿಕೊಂಡು, ಅತ್ತೆಗೂ ಓದಿಸಿ ಕಳಿಸಿದೆ. ದೊಡ್ಡಕ್ಷರದಲ್ಲಿ ‘ಕ್ರೋಶಾ ಹೊದಿಕೆಗಳು’, ಕೆಳಗೆ ‘ಮನೆಯಲ್ಲೇ ಕೈಯಾರೆ ಹಾಕಿದ್ದು’. ರಾ. ಸರ್ ಕ್ಷಮಿಸಬೇಕು. ಕರಪತ್ರದಲ್ಲಿ ಶೈ. ಅವರ ಸುತ್ತಿನ ಲೆಕ್ಕವನ್ನೇ ಬರೆದೆ. ಇಂಗ್ಲಿಷ್ ಹಾಳೆ ಪಕ್ಕಕ್ಕಿಟ್ಟು ಕಡ್ಡಿ ಕೈಗೆ ತೆಗೆದುಕೊಂಡು, ಮಾಡುತ್ತಾ ಮಾಡುತ್ತಾ ಬರೆದದ್ದಕ್ಕೆ ಅರ್ಧ ಗಂಟೆ ಸಾಕಾಯಿತು. ‘ಉಣ್ಣೆ’ ಇದ್ದ ಕಡೆಯೆಲ್ಲ ‘ಉಲ್ಲನ್’ ಮಾಡಿದೆ.

ಗ್ರ್ಯಾನಿ ಸ್ಕ್ವೇರಿಗೆ ಮಾತ್ರ ನೀವು ಯಾರೂ ಏನೂ ಹೇಳಲಿಲ್ಲ. ಇವತ್ತು ಮಧ್ಯಾಹ್ನ ಚೌಕಗಳನ್ನೆಲ್ಲ ನೆಲದ ಮೇಲೆ ಹಾಸಿ, ಕೆಂಪಿನ ಪಕ್ಕ ಕೆಂಪು ಬರದ ಹಾಗೆ ಜೋಡಿಸುತ್ತಿದ್ದೆವು. ಎದುರು ಮನೆಯಾಕೆ ಬಾಗಿಲಲ್ಲೇ ನಿಂತು, “ಏನ್ರೀ, ಕುಂಟೆಬಿಲ್ಲೆ ಆಡ್ತಿದೀರಾ? ಎಷ್ಟು ಬಿಲ್ಲೆ ಆಯ್ತು?” ಅಂದರು. ಅಷ್ಟೇ. ಒಂದು ಗಂಟೆಯೊಳಗೆ ಎಲ್ಲರ ಬಾಯಲ್ಲೂ ಬಿಲ್ಲೆ. “ನನ್ನ ಬಿಲ್ಲೆ ಸೊಟ್ಟ ಆಯ್ತು”, “ಇನ್ನೂ ಏಳು ಬಿಲ್ಲೆ ಬೇಕು”. ಕರಪತ್ರಕ್ಕೂ ಅದನ್ನೇ ಹಾಕಿಬಿಟ್ಟೆ.

ರಾ., ತುಮಕೂರು

ಬಿಲ್ಲೆ ಸಾಮಾನ್ಯವಾಗಿ ದುಂಡಗಿನದು. ಅಲ್ಲದೆ ಕುಂಟೆಬಿಲ್ಲೆಯಲ್ಲಿ ಎಸೆಯುವ ಚೂರು ಬಿಲ್ಲೆ. ನೆಲದ ಮೇಲೆ ಗೀಚಿದ ಚೌಕಕ್ಕೆ ‘ಮನೆ’ ಎನ್ನುತ್ತಾರೆ. ತಿದ್ದಿಕೊಳ್ಳಿ.

ವೀ., ಮೈಸೂರು

ಐನೂರು ಪ್ರತಿ ಅಚ್ಚಾಗಿದೆ ಸರ್.