ಗೊಬ್ಬರದ ಕಾರ್ಖಾನೆಯ ಊರು ಯುರೋಪನ್ನು ಮೂರು ಸಲ ಗೆದ್ದದ್ದು ಹೇಗೆ? ಝಾಕ್ಸಾ ವಾಲಿಬಾಲ್ ತಂಡದ ಇತಿಹಾಸ ಬಲ್ಲವರು ತಿಳಿಸಿ

ಪ್ರಶ್ನೆ: ಸಕಲೇಶಪುರದ ಪಿ.ಟಿ. ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಪ್ರತಿ ವರ್ಷ ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದಕ್ಕೆ ಮೊದಲು ನಮ್ಮ ಹೋಬಳಿಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಸುತ್ತೇವೆ. ತೋಟದ ಮಾಲೀಕರು, ಗೊಬ್ಬರದ ಅಂಗಡಿಯವರು, ಜೀಪು ಇಟ್ಟುಕೊಂಡವರು ಕೈಲಾದಷ್ಟು ಕೊಡುತ್ತಾರೆ. ಎರಡು ರಾತ್ರಿ ಆಟ ನಡೆಯುತ್ತದೆ, ಮೂರನೆಯ ದಿನ ಕಂಬ ಕಿತ್ತು ಶಾಲೆಯ ಉಗ್ರಾಣದಲ್ಲಿಡುತ್ತೇವೆ, ಅಲ್ಲಿಗೆ ತಂಡವೂ ಮುಗಿಯಿತು ಎಂದು ಲೆಕ್ಕ.

2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣದಲ್ಲಿ ಪುರುಷರ ವಿಶ್ವ ಕ್ಲಬ್ ವಾಲಿಬಾಲ್ ನಡೆದಾಗ ನಾಲ್ವರು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಆ ಸಲ ಗೆದ್ದದ್ದು ಇಟಲಿಯ ಪೆರುಜಿಯಾ. ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗ ಫೋನ್ ನೋಡುತ್ತ, ಪೆರುಜಿಯಾ ಸೇರಿರುವ ಕಮಿಲ್ ಸೆಮೆನ್ಯುಕ್ ಎಂಬ ಆಟಗಾರ ಪೋಲೆಂಡಿನ ಕೆಂಜೆಝಿನ್-ಕೊಝ್ಲೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನೆಂದೂ, ಆ ಊರಿನ ಝಾಕ್ಸಾ ತಂಡ ಯುರೋಪಿನ ಚಾಂಪಿಯನ್ಸ್ ಲೀಗನ್ನು ಸತತ ಮೂರು ವರ್ಷ ಗೆದ್ದಿದೆಯೆಂದೂ ಓದಿ ಹೇಳಿದ. ಊರಿನ ಜನಸಂಖ್ಯೆ ಸುಮಾರು 60,000 ಎಂದಾಗ ನಾನು ನಂಬಲಿಲ್ಲ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ್ದೇ 1.18 ಲಕ್ಷ ಇತ್ತು; ಅದರ ಅರ್ಧದಷ್ಟು ಊರು!

ಈ ತಂಡ ಹೇಗೆ ಶುರುವಾಯಿತು, ಖರ್ಚು ಯಾರು ಹೊತ್ತರು, ಒಳ್ಳೆಯ ಆಟಗಾರರು ದೊಡ್ಡ ಊರುಗಳಿಗೆ ಹೋದ ಮೇಲೂ ಅದು ಹೇಗೆ ಉಳಿಯಿತು ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು. ಹುಡುಗರು ದಿನಾ ಕೇಳುತ್ತಿದ್ದಾರೆ, ನನ್ನ ಬಳಿ ಉತ್ತರವಿಲ್ಲ.

ಉತ್ತರ 1: ಹೇಮಾವತಿ ದಂಡೆ

ಮೇಷ್ಟ್ರೇ, ನಾನು ಹಾಸನದವನು. ಕೆಲಸದ ಮೇಲೆ ಕೆಲವು ವರ್ಷ ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿದ್ದೆ. ನೀವು ಹೇಳಿದ ಊರು ಅಲ್ಲಿಂದ ರೈಲಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿದೆ, ಎರಡು ಸಲ ಹೋಗಿ ಪಂದ್ಯ ನೋಡಿದ್ದೇನೆ.

ಮೊದಲು ತಂಡದ ಹೆಸರನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇತಿಹಾಸದ ಮುಕ್ಕಾಲು ಪಾಲು ಅದರೊಳಗೇ ಇದೆ. ಝಾಕ್ಸಾ ಎಂಬುದು ಯಾವ ವೀರನ ಹೆಸರೂ ಅಲ್ಲ, ಪ್ರಾಣಿಯ ಹೆಸರೂ ಅಲ್ಲ. ಪೋಲಿಷ್ ಭಾಷೆಯಲ್ಲಿ 'ಝಾಕ್ವಾಡಿ ಅಝೊಟೊವೆ ಕೆಂಜೆಝಿನ್' ಎಂದರೆ ಕೆಂಜೆಝಿನ್ನಿನ ಸಾರಜನಕ ಕಾರ್ಖಾನೆ. ಅದರ ಮೊದಲಕ್ಷರಗಳಿಗೆ ಷೇರು ಕಂಪನಿ ಎಂಬುದನ್ನು ಸೂಚಿಸುವ ಎರಡು ಅಕ್ಷರ ಸೇರಿಸಿದರೆ ಝಾಕ್ಸಾ. ನಮ್ಮ ತೋಟಗಳಿಗೆ ಚೀಲದಲ್ಲಿ ಬರುತ್ತದಲ್ಲ, ಅಂಥ ಸಾರಜನಕದ ಗೊಬ್ಬರ ಮಾಡುವ ಕಾರ್ಖಾನೆ ಅದು. ಆಟದ ಹಾಲ್‌ನ ಹೆಸರು ಕೂಡ 'ಅಝೋಟಿ' ಎಂದೇ; ಅಂದರೆ ಗೊಬ್ಬರದ ಹೆಸರಿನ ಹಾಲ್‌ನಲ್ಲಿ ಗೊಬ್ಬರದ ಹೆಸರಿನ ತಂಡ ಆಡುತ್ತದೆ. ನಮ್ಮಲ್ಲಾದರೆ ಹುಲಿ, ಸಿಂಹ, ಮಿಂಚು ಎಂದೇನಾದರೂ ಇಡದೆ ಬಿಡುತ್ತಿದ್ದೆವೇ?

ಊರಿನ ಕಥೆಯೂ ವಿಚಿತ್ರವಾಗಿದೆ. ಓಡರ್ ನದಿಯ ದಂಡೆಯ ಈ ಪ್ರದೇಶ 1945ರವರೆಗೆ ಜರ್ಮನಿಯದಾಗಿತ್ತು, ಕೆಂಜೆಝಿನ್ನಿಗೆ ಆಗ ಹೈಡೆಬ್ರೆಕ್ ಎಂಬ ಹೆಸರಿತ್ತು. ಐ.ಜಿ. ಫಾರ್ಬೆನ್ ಕಂಪನಿ ಅಲ್ಲಿ ಕಟ್ಟಿದ್ದ ರಾಸಾಯನಿಕ ಸ್ಥಾವರದ ಮೇಲೆ 1944ರಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕಿದವು. ಯುದ್ಧ ಮುಗಿದು ಗಡಿ ಬದಲಾದ ಮೇಲೆ ಪೋಲೆಂಡ್ ಸರ್ಕಾರ ಅದೇ ಜಾಗದಲ್ಲಿ ಗೊಬ್ಬರದ ಕಾರ್ಖಾನೆ ಎಬ್ಬಿಸಿತು. ಕೆಲಸಕ್ಕೆ ಬಂದ ಜನ ಬೇರೆ ಬೇರೆ ಕಡೆಯಿಂದ ಬಂದವರು. ಊರು ಕೂಡ ಒಂದೇ ಊರಲ್ಲ, ಕೆಂಜೆಝಿನ್ ಮತ್ತು ಕೊಝ್ಲೆಯೂ ಸೇರಿ ನಾಲ್ಕನ್ನು 1975ರಲ್ಲಿ ಒಂದು ಮಾಡಿದ್ದು. ಇಂಥ ಕಡೆ 'ನಮ್ಮದು' ಎಂದು ಎಲ್ಲರೂ ಒಟ್ಟಿಗೆ ಹೇಳಿಕೊಳ್ಳಬಹುದಾದ ವಸ್ತುಗಳು ಕಡಿಮೆ ಇರುತ್ತವೆ, ಆ ಜಾಗವನ್ನು ವಾಲಿಬಾಲ್ ತುಂಬಿತು ಎಂಬುದು ನನ್ನ ಅನಿಸಿಕೆ.

ತಂಡ ದೇಶಕ್ಕೆ ದೊಡ್ಡದಾಗಿ ಕಾಣಿಸಿಕೊಂಡದ್ದು 1990ರ ದಶಕದ ಕೊನೆಯಲ್ಲಿ. ಆಗ ಅದರ ಹೆಸರಿನಲ್ಲಿ ಮೊಸ್ತೊಸ್ತಾಲ್ ಎಂಬ ಕಟ್ಟಡ ಕಂಪನಿಯ ಹೆಸರೂ ಇತ್ತು. 1998ರಲ್ಲಿ ಪೋಲೆಂಡ್ ಚಾಂಪಿಯನ್ ಆಯಿತು, ಮತ್ತೆ 2000ದಿಂದ 2003ರವರೆಗೆ ನಾಲ್ಕು ವರ್ಷ ಬಿಡದೆ ಗೆದ್ದಿತು. ಆಮೇಲೆ 2016ರವರೆಗೆ, ಅಂದರೆ ಹದಿಮೂರು ವರ್ಷ, ರಾಷ್ಟ್ರೀಯ ಲೀಗಿನ ಒಂದು ಪ್ರಶಸ್ತಿಯೂ ಇಲ್ಲ. ಮೇಷ್ಟ್ರೇ, ನೀವು ಕೇಳಿದ 'ಹೇಗೆ ಉಳಿಯಿತು' ಎಂಬುದಕ್ಕೆ ಈ ಹದಿಮೂರು ವರ್ಷಗಳನ್ನು ನೋಡಬೇಕು. ಹೆಸರು ಬದಲಾಯಿತು, ಆಟಗಾರರು ಬದಲಾದರು, ಆದರೆ ಕಾರ್ಖಾನೆ ಕೈಬಿಡಲಿಲ್ಲ, ಹಾಲ್‌ಗೆ ಬೀಗ ಬೀಳಲಿಲ್ಲ. ಹಳೆಯ ತಂಡದಲ್ಲಿ ಆಡಿದ್ದ ಸೆಬಾಸ್ಟಿಯನ್ ಶ್ವಿಡೆರ್ಸ್ಕಿ ಇಟಲಿಯಲ್ಲಿ ಆಡಿ ಮರಳಿ ಬಂದು, ಇದೇ ಕ್ಲಬ್ಬಿನ ತರಬೇತುದಾರರಾಗಿ, ನಂತರ ಅಧ್ಯಕ್ಷರಾಗಿ ದುಡಿದರು. 2021ರಲ್ಲಿ ಪೋಲೆಂಡ್ ವಾಲಿಬಾಲ್ ಒಕ್ಕೂಟದ ಅಧ್ಯಕ್ಷರಾದರು.

2016 ಮತ್ತು 2017ರ ಪ್ರಶಸ್ತಿಗಳು ಇಟಲಿಯ ತರಬೇತುದಾರ ಫರ್ಡಿನಾಂಡೊ ಡಿ ಜಾರ್ಜಿ ಕಾಲದವು, 2019ರಲ್ಲಿ ಇನ್ನೊಂದು ಬಂತು. ಆಮೇಲೆ ನಿಕೋಲಾ ಗ್ರ್ಬಿಚ್ ಬಂದರು. 2000ದ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಕ್ಕೆ ಚಿನ್ನ ಗೆದ್ದುಕೊಟ್ಟ ತಂಡದ ಲಿಫ್ಟರ್ ಅವರು, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವರು. ಈಗಿನವರು ಸೆಟ್ಟರ್ ಎನ್ನುತ್ತಾರೆ, ನಮ್ಮ ಕಡೆ ಹಳಬರಿಗೆ ಲಿಫ್ಟರ್ ಎಂದರೇ ತಿಳಿಯುವುದು.

2021ರ ಕಥೆಯನ್ನು ನಿಮ್ಮ ಹುಡುಗರಿಗೆ ಬಿಡಿಸಿ ಹೇಳಿ. ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿಯ ಲೂಬೆ, ಸೆಮಿಫೈನಲ್‌ನಲ್ಲಿ ರಷ್ಯಾದ ಝೆನಿತ್ ಕಜಾನ್. ಎರಡೂ ಕಡೆ ಒಂದೊಂದು ಪಂದ್ಯ ಇಬ್ಬರಿಗೂ ಹೋಗಿ, ಕೊನೆಗೆ ಹದಿನೈದು ಅಂಕದ 'ಗೋಲ್ಡನ್ ಸೆಟ್' ಆಡಬೇಕಾಯಿತು. ಎರಡು ಸುತ್ತಿನಲ್ಲೂ ಅದನ್ನು ಗೆದ್ದದ್ದು ಝಾಕ್ಸಾ. ಮೇ 1ರಂದು ವೆರೊನಾದಲ್ಲಿ ಫೈನಲ್, ಎದುರಿಗೆ ಇಟಲಿಯ ಟ್ರೆಂಟಿನೊ, ಫಲಿತಾಂಶ 3-1. ಪೋಲೆಂಡಿನ ಕ್ಲಬ್ಬೊಂದು ಯುರೋಪಿನ ಈ ಅತ್ಯುನ್ನತ ಪ್ರಶಸ್ತಿ ಗೆದ್ದದ್ದು 1978ರ ನಂತರ ಅದೇ ಮೊದಲು. ತಮಾಷೆಯೆಂದರೆ ಅದೇ ಋತುವಿನಲ್ಲಿ ಸ್ವಂತ ದೇಶದ ಲೀಗನ್ನು ಪಕ್ಕದ ಕಲ್ಲಿದ್ದಲು ಗಣಿಯ ಊರಿನ ತಂಡ ಯಾಸ್ತ್‌ಝೆಂಪ್ಸ್ಕಿ ವೆಂಗ್ಯೆಲ್‌ಗೆ ಸೋತಿದ್ದರು. ಆ ತಂಡದ ಹೆಸರಿನ ಅರ್ಥವೂ 'ಯಾಸ್ತ್‌ಝೆಂಬ್ಯೆಯ ಕಲ್ಲಿದ್ದಲು' ಎಂದೇ.

ಗೆದ್ದ ಬೇಸಿಗೆಯಲ್ಲೇ ಗ್ರ್ಬಿಚ್ ಹೋದರು. ಫ್ರಾನ್ಸ್ ತಂಡದ ನಾಯಕ, ಲಿಫ್ಟರ್ ಬೆಂಜಮಿನ್ ಟೊನ್ಯುಟಿ, ಹಿಂದೆ ನಿಂತು ಚೆಂಡು ಕಾಯುವ ಲಿಬೆರೊ ಪಾವೆಲ್ ಝಾಟೊರ್ಸ್ಕಿ, ನೆಟ್ ಬಳಿ ಹೊಡೆತ ತಡೆಯುವ ಬ್ಲಾಕರ್ ಯಾಕುಬ್ ಕೊಖಾನೊವ್ಸ್ಕಿ ಕೂಡ ಹೋದರು. ಲಿಫ್ಟರ್, ಲಿಬೆರೊ ಇಬ್ಬರೂ ಒಟ್ಟಿಗೆ ಹೋದರೆ ತಂಡದ ಕಣ್ಣು ಕೈ ಎರಡೂ ಹೋದಂತೆ. ಆ ಜಾಗಕ್ಕೆ ಮಾರ್ಚಿನ್ ಯಾನುಷ್ ಮತ್ತು ಅಮೆರಿಕದ ಎರಿಕ್ ಶೋಜಿ ಬಂದರು. ಗಿಯೋರ್ಗೆ ಕ್ರೆತ್ಸು ತರಬೇತಿಯಲ್ಲಿ 2022ರ ಮೇ 22ರಂದು ಲ್ಯುಬ್ಲ್ಯಾನಾದಲ್ಲಿ ಅದೇ ಟ್ರೆಂಟಿನೊವನ್ನು 3-0ಯಿಂದ ಸೋಲಿಸಿದರು. ನಿಮ್ಮ ಸೆಮೆನ್ಯುಕ್ ಪೆರುಜಿಯಾಕ್ಕೆ ಹೋದದ್ದು ಆಗ. 2023ರ ಮೇ 20ರಂದು ಟುರಿನ್‌ನಲ್ಲಿ ಮೂರನೆಯ ಫೈನಲ್, ಎದುರಿಗೆ ಆ ಕಲ್ಲಿದ್ದಲಿನ ಊರಿನವರೇ! ತರಬೇತುದಾರ ಫಿನ್ಲೆಂಡಿನ ಟುವೊಮಾಸ್ ಸಮ್ಮೆಲ್‌ವುವೊ, ಗೆಲುವು 3-2. ಮೂರು ಫೈನಲ್, ಮೂವರು ತರಬೇತುದಾರರು.

ಮೂರರಲ್ಲೂ ಇದ್ದವರಲ್ಲಿ ನನಗೆ ಹೆಚ್ಚು ನೆನಪಿರುವುದು ಅಮೆರಿಕದ ಬ್ಲಾಕರ್ ಡೇವಿಡ್ ಸ್ಮಿತ್. ಅವರಿಗೆ ಹುಟ್ಟಿನಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಶ್ರವಣ ಸಾಧನ ಹಾಕಿಕೊಂಡೇ ಆಡುತ್ತಿದ್ದರು. ನಾನು ನೋಡಿದ ಪಂದ್ಯದಲ್ಲಿ ನನ್ನ ಪಕ್ಕ ಕುಳಿತಿದ್ದ ಮುದುಕರೊಬ್ಬರು, ಕಾರ್ಖಾನೆಯಿಂದ ನಿವೃತ್ತರಾದವರು, ಪ್ರತಿ ಸರ್ವ್‌ಗೆ ಮೊದಲು ಲಿಫ್ಟರ್ ಬೆನ್ನ ಹಿಂದೆ ತೋರಿಸುವ ಬೆರಳುಗಳನ್ನು ಬೊಟ್ಟು ಮಾಡಿ ತೋರಿಸುತ್ತಿದ್ದರು. ನನಗೆ ಪೋಲಿಷ್ ಅಷ್ಟಕ್ಕಷ್ಟೆ, ಅವರಿಗೆ ಇಂಗ್ಲಿಷ್ ಇಲ್ಲ. ಐದು ಸೆಟ್ ಮುಗಿಯುವಷ್ಟರಲ್ಲಿ ಯಾವ ಬೆರಳಿಗೆ ಯಾವ ಹೊಡೆತ ಎಂದು ನಾನೂ ಮೊದಲೇ ಹೇಳುವಂತಾಗಿದ್ದೆ.

ಉತ್ತರ 2: ಗಿರಿಶ್ರೇಣಿ, ಚಿಕ್ಕಮಗಳೂರು

ಹೇಮಾವತಿಯವರು ಚೆನ್ನಾಗಿ ಬರೆದಿದ್ದಾರೆ, ಆದರೆ ಎಲ್ಲವನ್ನೂ ಕಾರ್ಖಾನೆಯ ಲೆಕ್ಕಕ್ಕೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ದುಡ್ಡಿನಷ್ಟೇ ಮುಖ್ಯವಾದುದು ಆಡಲು ಒಂದು ಖಾಯಂ ಜಾಗ. ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್ ನೋಡಿ, ಅದೂ 60,000 ಚಿಲ್ಲರೆ ಜನರ ಊರು. ಜೆಪ್ಪೆಲಿನ್ ಎಂಬ ಆಕಾಶನೌಕೆ 1900ರಲ್ಲಿ ಮೊದಲು ಹಾರಿದ್ದು ಅದರ ಪಕ್ಕದ ಸರೋವರದ ಮೇಲೆ. ಆ ನೌಕೆಗಳಿಗೆ ಹಲ್ಲುಚಕ್ರ ಮಾಡಲು 1915ರಲ್ಲಿ ಹುಟ್ಟಿದ ಝಡ್.ಎಫ್. ಕಂಪನಿಯ ಗೇರ್‌ಬಾಕ್ಸ್‌ಗಳನ್ನು ನಮ್ಮ ಲಾರಿ, ಬಸ್ ಮೆಕ್ಯಾನಿಕ್‌ಗಳು ಬಲ್ಲರು. ಅಲ್ಲಿನ ವಿ.ಎಫ್.ಬಿ. ತಂಡ 1998ರಿಂದ 2015ರೊಳಗೆ 13 ಸಲ ಜರ್ಮನ್ ಚಾಂಪಿಯನ್ ಆಯಿತು. 2007ರಲ್ಲಿ ಮಾಸ್ಕೋದಲ್ಲಿ ಫ್ರಾನ್ಸಿನ ಟೂರ್ ತಂಡವನ್ನು 3-1ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಅಷ್ಟೂ ಕಾಲ ಒಬ್ಬರೇ ತರಬೇತುದಾರರು, ಸ್ಟೆಲಿಯನ್ ಮೊಕುಲೆಸ್ಕು, 1997ರಿಂದ 2015ರವರೆಗೆ. ಹೀಗಾಗಿ ಮೂರು ವರ್ಷಕ್ಕೆ ಮೂವರನ್ನು ಬದಲಾಯಿಸಿದ ಝಾಕ್ಸಾ ಒಂದು ಮಾದರಿಯಾದರೆ, ಹದಿನೆಂಟು ವರ್ಷ ಒಬ್ಬರನ್ನೇ ಇಟ್ಟುಕೊಂಡವರೂ ಗೆದ್ದಿದ್ದಾರೆ.

2020ರಲ್ಲಿ ಅವರ ಹಾಲ್‌ನ ಚಾವಣಿ ಅಪಾಯದಲ್ಲಿದೆಯೆಂದು ಹಾಲನ್ನೇ ಮುಚ್ಚಬೇಕಾಯಿತು. ಮುಂದಿನ ಒಂದು ಋತುವಿನ ಮನೆಯಂಗಳದ ಪಂದ್ಯಗಳನ್ನು ನೊಯ್-ಉಲ್ಮ್ ಎಂಬ ಬೇರೆ ಊರಿಗೆ ಹೋಗಿ ಆಡಿದರು, ಬಳಿಕ ಸ್ವಂತ ಊರಿನ ವಸ್ತುಪ್ರದರ್ಶನ ಮೈದಾನದ ಹಾಲ್‌ಗೆ ಮರಳಿದರು. ದುಡ್ಡು ಇತ್ತು, ಕಂಪನಿ ಇತ್ತು, ಚಾವಣಿ ಇರಲಿಲ್ಲ. ಮೇಷ್ಟ್ರೇ, ಕಂಬ ಕಿತ್ತು ಉಗ್ರಾಣದಲ್ಲಿಡುತ್ತೇವೆ ಎಂದಿರಲ್ಲ, ನಾನು ಆ ವಾಕ್ಯದಲ್ಲೇ ನಿಂತುಬಿಟ್ಟೆ.

ಉತ್ತರ 3: ನಿವೃತ್ತ ಲಿಫ್ಟರ್, ಅರಸೀಕೆರೆ

ನಾನು ಕ್ರೀಡಾ ಕೋಟಾದಲ್ಲಿ ಇಲಾಖೆಯೊಂದಕ್ಕೆ ಸೇರಿ ಹನ್ನೊಂದು ವರ್ಷ ಅದರ ತಂಡಕ್ಕೆ ಆಡಿದವನು. ಇಲಾಖೆಯ ಹೆಸರು ಬೇಡ. ಆಡುವಷ್ಟು ದಿನ ಚೆನ್ನಾಗಿಯೇ ನೋಡಿಕೊಂಡರು. ಮೊಣಕಾಲು ಹೋದ ಮೇಲೆ ಒಂದು ಮೇಜು, ಎರಡು ರಿಜಿಸ್ಟರ್ ಕೊಟ್ಟು ಕೂರಿಸಿದರು. ಇಪ್ಪತ್ತು ವರ್ಷ ಕೂತೆ, ಒಬ್ಬ ಹುಡುಗನಿಗೆ ಚೆಂಡು ಎತ್ತುವುದನ್ನು ಕಲಿಸು ಎಂದು ಯಾರೂ ಕೇಳಲಿಲ್ಲ.

ನಮ್ಮ ದೇಶದಲ್ಲೂ ವಾಲಿಬಾಲನ್ನು ಸಾಕಿದ್ದು ರೈಲ್ವೆ, ಸೇನೆ, ಪೊಲೀಸ್, ತೈಲ ಕಂಪನಿ, ಬ್ಯಾಂಕ್‌ಗಳೇ. ಆದರೆ ಅವು ಅರಸೀಕೆರೆಯ ಹುಡುಗನಿಗೆ ನೌಕರಿ ಕೊಟ್ಟು ದೊಡ್ಡ ಊರಿಗೆ ಕರೆದುಕೊಂಡು ಹೋದವು, ಹುಡುಗನ ಮನೆ ಉದ್ಧಾರವಾಯಿತು, ಊರಿನ ಅಂಕಣದಲ್ಲಿ ಹುಲ್ಲು ಬೆಳೆಯಿತು. ಪೋಲೆಂಡಿನ ಆ ಕಾರ್ಖಾನೆ ಅಮೆರಿಕ, ಫ್ರಾನ್ಸಿನವರನ್ನು ತನ್ನ ಸಣ್ಣ ಊರಿಗೆ ಕರೆಸಿ ಆಡಿಸಿತು. ಸೆಮೆನ್ಯುಕ್ ಎಂಬ ಊರಿನ ಹುಡುಗ ಅವರ ಜೊತೆ ಅಭ್ಯಾಸ ಮಾಡಿ ದೊಡ್ಡವನಾದ, ಅದು ಮುಖ್ಯ.

ಇನ್ನು ಪ್ರೈಮ್ ವಾಲಿಬಾಲ್ ಲೀಗ್ 2022ರಲ್ಲಿ ಶುರುವಾಗಿದೆ, ನಮ್ಮ ರಾಜ್ಯಕ್ಕೆ ಬೆಂಗಳೂರು ಟಾರ್ಪಿಡೋಸ್ ಇದೆ, ಸಂತೋಷ. ಆದರೆ ಅದು ಕೆಲವು ವಾರಗಳ ಲೀಗ್, ಸೆಟ್ಟಿಗೆ ಹದಿನೈದೇ ಅಂಕ, ತಂಡಗಳು ಹೆಚ್ಚಾಗಿ ದೊಡ್ಡ ನಗರಗಳದು. ಹಾಸನಕ್ಕೆ ಅಂಥದೊಂದು ತಂಡ ಬರಲಿ ಎಂದು ಕನಸು ಕಾಣುವುದಕ್ಕಿಂತ ವರ್ಷವಿಡೀ ಕಂಬ ನೆಟ್ಟಿರುವ ಒಂದು ಅಂಕಣ ಕೇಳುವುದು ಮೇಲು. ಗಿರಿಶ್ರೇಣಿಯವರ ಮಾತಿಗೆ ನನ್ನ ಮತ.

ಮರುಪ್ರಶ್ನೆ: ಸಕಲೇಶಪುರದ ಪಿ.ಟಿ. ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ಹೇಮಾವತಿ ಸರ್, 2023ರ ನಂತರ ಝಾಕ್ಸಾ ಏನಾಯಿತು? ನಾಲ್ಕನೆಯ ಸಲ ಏಕೆ ಗೆಲ್ಲಲಿಲ್ಲ ಎಂದು ಹುಡುಗರು ಕೇಳದೆ ಬಿಡುವುದಿಲ್ಲ.

ಉತ್ತರ 4: ಹೇಮಾವತಿ ದಂಡೆ

ಬಿದ್ದರು, ಜೋರಾಗಿಯೇ ಬಿದ್ದರು. 2023-24ರಲ್ಲಿ ಒಬ್ಬರಾದ ಮೇಲೊಬ್ಬರು ಗಾಯಗೊಂಡು, ಹಿಂದಿನ ವರ್ಷ ಯುರೋಪನ್ನು ಗೆದ್ದ ತಂಡ ಸ್ವಂತ ದೇಶದ ಲೀಗಿನ ಪ್ಲೇ-ಆಫ್‌ಗೂ ತಲುಪಲಿಲ್ಲ. ಮೂರು ಫೈನಲ್ ಆಡಿದ ಅಲೆಕ್ಸಾಂಡರ್ ಶ್ಲಿಫ್ಕಾ ಜಪಾನಿಗೂ, ಉಕಾಶ್ ಕಚ್ಮಾರೆಕ್ ಆ ಕಲ್ಲಿದ್ದಲಿನ ಊರಿಗೂ ಹೋದರು.

ಇನ್ನೊಂದು ಕಾರಣ ನಮ್ಮ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಸಾರಜನಕದ ಗೊಬ್ಬರಕ್ಕೆ ಅಮೋನಿಯ ಬೇಕು, ಅಮೋನಿಯಕ್ಕೆ ಅಲ್ಲಿ ನೈಸರ್ಗಿಕ ಅನಿಲವೇ ಕಚ್ಚಾವಸ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಅನಿಲದ ಬೆಲೆ ಏರಿದಾಗ ಆ ಕಾರ್ಖಾನೆಗಳ ಸಮೂಹ ಉತ್ಪಾದನೆ ಕಡಿತ ಮಾಡಿತು, 2023ರಲ್ಲಿ ಭಾರೀ ನಷ್ಟ ಅನುಭವಿಸಿತು. ಆ ವರ್ಷ ನಮ್ಮ ಕಡೆ ಗೊಬ್ಬರದ ಚೀಲಕ್ಕೆ ಎಷ್ಟಾಗಿತ್ತು ಎಂದು ನಿಮ್ಮ ಪಂದ್ಯಾವಳಿಗೆ ಚಂದಾ ಕೊಡುವ ಅಂಗಡಿಯವರನ್ನೇ ಕೇಳಿ. ಗೊಬ್ಬರದ ಹೆಸರಿಟ್ಟುಕೊಂಡ ತಂಡಕ್ಕೆ ಗೊಬ್ಬರದ ಬಿಸಿ ತಟ್ಟದೆ ಇರುತ್ತದೆಯೇ? ಹಾಗೆಂದು ಮುಚ್ಚಿಲ್ಲ, 2018ರ ವಿಶ್ವ ಚಾಂಪಿಯನ್‌ಷಿಪ್‌ನ ಅತ್ಯುತ್ತಮ ಆಟಗಾರ ಬಾರ್ತೋಶ್ ಕುರೆಕ್ 2024ರಲ್ಲಿ ಅದೇ ತಂಡ ಸೇರಿದರು.

ಈ ಸಲದ ಪಂದ್ಯಾವಳಿಯಲ್ಲಿ ಮೊದಲ ರಾತ್ರಿ ಆಟ ಶುರುವಾಗುವ ಮುನ್ನ ಟುರಿನ್ ಫೈನಲ್‌ನ ಐದನೆಯ ಸೆಟ್ಟನ್ನು ಹುಡುಗರಿಗೆ ತೋರಿಸಿ. ನನ್ನ ಬಳಿ ಪ್ರೊಜೆಕ್ಟರ್ ಇದೆ, ಹಾಸನದಿಂದ ತರುತ್ತೇನೆ. ಬಿಳಿ ಪಂಚೆಯೋ ಬೆಡ್‌ಶೀಟೋ ನೀವು ನೋಡಿಕೊಳ್ಳಿ.

ಉತ್ತರ 5: ನಿವೃತ್ತ ಲಿಫ್ಟರ್, ಅರಸೀಕೆರೆ

ತಾರೀಖು ತಿಳಿಸಿ ಮೇಷ್ಟ್ರೇ. ಒಂದು ದಿನ ಮುಂಚೆ ಬಂದು ಹುಡುಗರಿಗೆ ಬೆರಳಿನ ಸನ್ನೆ ಹೇಳಿಕೊಡುತ್ತೇನೆ. ಮೊಣಕಾಲು ಹೋಗಿದೆ, ಬೆರಳು ಹೋಗಿಲ್ಲ.