ಸಹಾಯ ಬೇಕು: ಹುಳಗಳ ಅಧ್ಯಯನಕ್ಕೆ ಸಿಕ್ಕ ಪ್ರಶಸ್ತಿಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ನಮ್ಮ ಮಕ್ಕಳು ಜಾಸ್ತಿ ರೇಷ್ಮೆ ಬೆಳೆಯುವ ಮನೆಯವರು.

ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೆಂಕಿಪೊಟ್ಟಣದಲ್ಲಿ ಒಂದು ರೇಷ್ಮೆಹುಳ ತಂದಿದ್ದಳು. ಮೈಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. "ಊಜಿ ನೊಣ ಮೊಟ್ಟೆ ಇಟ್ಟಿದೆ ಸಾರ್, ಅದರ ಮರಿ ಒಳಗೆ ಹೋಗಿದೆ" ಅಂದಳು. ಆಮೇಲೆ, "ಹುಳ ನೋಡೋರಿಗೂ ಪ್ರಶಸ್ತಿ ಕೊಡ್ತಾರಾ ಸಾರ್?" ಅಂತ ಕೇಳಿದಳು. ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ!

ನನಗೆ ಗೊತ್ತಿದ್ದಷ್ಟು ಹೇಳಿದೆ. ಹೂವು ಯಾವ ದಿಕ್ಕಿಗೆ, ಎಷ್ಟು ದೂರದಲ್ಲಿದೆ ಅಂತ ಜೇನುಹುಳ ಕುಣಿದು ತಿಳಿಸುತ್ತದೆ. ಅದನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. 2017ರ ವೈದ್ಯಕೀಯ ನೊಬೆಲ್ ಹಣ್ಣಿನ ನೊಣಗಳ ಮೇಲೆ ಮಾಡಿದ ಕೆಲಸಕ್ಕೆ. ಬೆಂಗಳೂರಿನಲ್ಲೇ ಗೂಡು ಕಟ್ಟಿ ಕುಟುಕುವ ಕಣಜದ ಹುಳಗಳ ಬದುಕನ್ನು ಅಧ್ಯಯನ ಮಾಡಿದ ರಾಘವೇಂದ್ರ ಗದಗಕರ್ ಅವರಿಗೆ 1993ರಲ್ಲಿ ನಮ್ಮ ದೇಶದ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಸಿಕ್ಕಿತು.

ಈಗ ಮಕ್ಕಳೆಲ್ಲ ಸೇರಿ ಗೋಡೆಪತ್ರಿಕೆ ಮಾಡುತ್ತಿದ್ದಾರೆ. ಇಂಥ ಸಾಧಕರ ಬಗ್ಗೆ ಕನ್ನಡದ ಲೇಖನ ಇದ್ದರೆ ದಯವಿಟ್ಟು ಕಳಿಸಿ, ಅದರಲ್ಲೂ ಹೆಣ್ಣುಮಕ್ಕಳ ಬಗ್ಗೆ. ಚಿಂತಾಮಣಿ ರೇಷ್ಮೆ ಕಾಲೇಜಿನಲ್ಲೋ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲೋ ಓದಿದವರು ಒಂದು ಶನಿವಾರ ಬಂದು ಮಕ್ಕಳ ಜೊತೆ ಮಾತಾಡಿದರೆ ಇನ್ನೂ ಸಂತೋಷ. ಬಸ್ ಚಾರ್ಜು, ಮನೆಯೂಟ ನಮ್ಮದು.