ಚಿಂತಾಮಣಿಯ ಒಣ ಹವೆಗೆ ಬಾಲ್ ಪೈಥಾನ್ ಪೆಟ್ಟಿಗೆ: ಮಾಡಿ ಗೊತ್ತಿರುವವರು ಹೇಳಿ

ಕೇಳಿದವರು, ಚಿಂತಾಮಣಿ

ಮೂರಡಿ ಉದ್ದದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು, ವಿಷ ಇಲ್ಲ) ಇದೆ. ಈಗ ಎರಡೂವರೆ ಅಡಿ ಮೀನಿನ ತೊಟ್ಟಿಯಲ್ಲಿದೆ, ಮೇಲೆ ಜಾಲರಿ ಮುಚ್ಚಳ, ಕೆಳಗೆ ಹೀಟ್ ಮ್ಯಾಟ್. ತೇವಾಂಶ ಶೇ. 30 ದಾಟುತ್ತಿಲ್ಲ, ಪೊರೆ ತುಂಡು ತುಂಡಾಗಿ ಬರ್ತಿದೆ. ಬಡಗಿ ಹತ್ರ ಪ್ಲೈವುಡ್ ಪೆಟ್ಟಿಗೆ ಮಾಡಿಸೋಣ ಅಂತ. ಅಳತೆ ಎಷ್ಟು, ಬಿಸಿಗೆ ಏನು, ಕೆಳಗೆ ಏನು ಹಾಸಬೇಕು?

ಗೌರಿಬಿದನೂರಿನಿಂದ

ತೊಂದರೆ ಇರೋದು ಆ ಜಾಲರಿ ಮುಚ್ಚಳದಲ್ಲೇ. ನಮ್ಮ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿ ಹೋಗಿರುತ್ತೆ. ಬಿಸಿಗಾಳಿ ಮೇಲಿಂದ ಹೊರಗೆ ಹೋಗ್ತಾ ಇದ್ದರೆ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದರೂ ನಿಲ್ಲಲ್ಲ. ಹೊಸ ಪೆಟ್ಟಿಗೆ ಬರೋವರೆಗೆ ಜಾಲರಿಯ ಮುಕ್ಕಾಲು ಭಾಗಕ್ಕೆ ಅಕ್ರಿಲಿಕ್ ಹಾಳೆ ಮುಚ್ಚಿ.

ಹೊಸದು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಇರಲಿ. 8x4ರ ಒಂದು ಶೀಟಲ್ಲಿ 4x2ರ ಮೂರು ತುಂಡು (ಮೇಲೆ, ಕೆಳಗೆ, ಹಿಂದೆ), 2x2ರ ಎರಡು ತುಂಡು (ಪಕ್ಕಗಳು) ಸರಿಯಾಗಿ ಬರುತ್ತೆ, ಒಂದಿಂಚೂ ಉಳಿಯಲ್ಲ. ಮುಂದಿನ ಪಟ್ಟಿಗಳನ್ನ ಬಡಗಿ ಹತ್ರ ಬಿದ್ದಿರೋ ಕತ್ತರಿಕೆಯಲ್ಲಿ ಮಾಡಿಸಿ: ಕೆಳಗೆ 4 ಇಂಚು, ಮೇಲೆ 2 ಇಂಚು. ಕೆಳಗಿನದ್ದು ಕಡಿಮೆ ಆದರೆ ಗಾಜು ಸರಿಸಿದಾಗೆಲ್ಲ ಹಾಸು ಹೊರಗೆ ಸುರಿಯುತ್ತೆ.

ಪ್ಲೈ 12 ಎಂಎಂ ಸಾಕು, ಆದರೆ ಐಎಸ್ 710 ಗುರುತು (ನೀರು ತಡೆಯೋ ಮರೈನ್ ಪ್ಲೈ) ಇರೋದೇ ಬೇಕು. ಅಗ್ಗದ ಎಂಆರ್ ಪ್ಲೈ ತೇವಕ್ಕೆ ಪದರ ಬಿಡುತ್ತೆ. ಒಳಗೆಲ್ಲ ಸನ್‌ಮೈಕಾ ಅಂಟಿಸಿ, ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್ ಎಳೆಸಿ. ಬಾತ್‌ರೂಮ್‌ಗೆ ಅಂತ ಮಾರೋ ಸಿಲಿಕೋನ್ ಬೇಡ, ಅದರಲ್ಲಿ ಬೂಷ್ಟು ಹಿಡಿಯದಿರೋಕೆ ರಾಸಾಯನಿಕ ಸೇರಿಸಿರ್ತಾರೆ. ಹುಳಿ ವಾಸನೆ ಪೂರ್ತಿ ಹೋಗೋವರೆಗೆ, ಕಡಿಮೆ ಅಂದರೂ ಮೂರು ದಿನ, ಬಾಗಿಲು ತೆರೆದಿಡಿ. ಬಡಗಿ ಒಳಗೂ ವಾರ್ನಿಷ್ ಹೊಡೀತೀನಿ ಅಂದರೆ ಬೇಡ ಅನ್ನಿ.

ಮುಂದೆ 5 ಎಂಎಂ ಗಾಜು ಎರಡು, ಅಂಗಡಿ ಶೋಕೇಸ್ ಥರ ಸರಿಯೋದು. ಮೇಲಿನ ಚಾನೆಲ್ ಆಳ, ಕೆಳಗಿನದ್ದು ತೆಳು ಇದ್ದರೆ ಗಾಜನ್ನ ಮೇಲಕ್ಕೆತ್ತಿ ಕೂರಿಸಬಹುದು. ಶೋಕೇಸ್ ಬೀಗ ಬೇಕೇ ಬೇಕು, ಹಾವು ಮೂಗಲ್ಲಿ ತಳ್ಳಿ ಗಾಜು ಸರಿಸುತ್ತೆ.

ಗಾಳಿಗೆ ತಂಪು ಬದಿಯಲ್ಲಿ ಕೆಳಗೆ ಎರಡು, ಬಿಸಿ ಬದಿಯಲ್ಲಿ ಮೇಲೆ ಎರಡು ತೂತು, ಎರಡಿಂಚಿನವು, ಸ್ಟೀಲ್ ಜಾಲರಿ ಹೊಡೆಸಿ. ಬೇಸಿಗೆಯಲ್ಲಿ ಒಂದೆರಡನ್ನ ಟೇಪ್ ಹಾಕಿ ಮುಚ್ಚಬಹುದು, ಆದರೆ ಹೊರಗಡೆಯಿಂದ ಮಾತ್ರ. ಒಳಗೆ ಯಾವ ಟೇಪೂ ಬೇಡ. ಹಾವು ಅಂಟಿಕೊಂಡರೆ ಬಿಡಿಸೋವಾಗ ಚರ್ಮನೇ ಕಿತ್ತು ಬರುತ್ತೆ.

ಕೋಲಾರದಿಂದ

ಹೀಟ್ ಮ್ಯಾಟ್ ಪ್ಲೈ ಪೆಟ್ಟಿಗೆಗೆ ಆಗಿಬರುವುದಿಲ್ಲ. ಮರ ಬಿಸಿಯನ್ನು ದಾಟಿಸುವುದಿಲ್ಲ. ಮೂರಿಂಚು ಹಾಸಿನ ಕೆಳಗೆ ಇಟ್ಟರೆ ಮೇಲೆ ತಣ್ಣಗಿದ್ದು ಅಡಿ ಕಾದಿರುತ್ತದೆ, ಹಾವು ಕೊರೆದುಕೊಂಡು ಹೋಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ. ಮೇಲ್ಛಾವಣಿಯ ಒಂದು ತುದಿಗೆ ಬಲ್ಬಿನಂತೆ ಹೋಲ್ಡರಿಗೆ ಕೂರುವ 100 ವ್ಯಾಟ್ ಸೆರಾಮಿಕ್ ಹೀಟರ್ ಹಾಕಿ. ಹೋಲ್ಡರ್ ಪಿಂಗಾಣಿಯದೇ ಆಗಬೇಕು, ಪ್ಲಾಸ್ಟಿಕ್ ಕರಗುತ್ತದೆ. ಸುತ್ತ ತಂತಿ ಬೋನು ಕಡ್ಡಾಯ, ಇಲ್ಲದಿದ್ದರೆ ಹಾವು ಹೀಟರಿಗೇ ಸುತ್ತಿಕೊಳ್ಳುತ್ತದೆ. ಬೋನಿಗೆ ಅರ್ತಿಂಗ್ ಕೊಡಿಸಿ.

ಬಿಸಿ ನೋಡಿ ಹೀಟರನ್ನು ಆನ್-ಆಫ್ ಮಾಡುವ ಥರ್ಮೋಸ್ಟಾಟ್‌ಗೆ ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್‌ಗಳಲ್ಲಿ ಬಳಸುವ ಎಸ್‌ಟಿಸಿ-1000 ನಡೆಯುತ್ತದೆ. 32 ಡಿಗ್ರಿಗೆ ಇಟ್ಟು, ವ್ಯತ್ಯಾಸ 0.5 ಕೊಡಿ, ಅಂದರೆ ಅರ್ಧ ಡಿಗ್ರಿ ಇಳಿದಾಗ ಹೀಟರ್ ಮತ್ತೆ ಆನ್ ಆಗುತ್ತದೆ. ಸೆನ್ಸರ್ ಹೀಟರಿನ ನೇರ ಕೆಳಗೆ, ಹಾವಿನ ಬೆನ್ನಿನ ಎತ್ತರದಲ್ಲಿ ಸ್ಕ್ರೂ ಕ್ಲಿಪ್ಪಿನಿಂದ ಬಿಗಿದಿರಲಿ. ಅದು ಜಾರಿ ತಂಪು ಬದಿಗೆ ಬಿದ್ದರೆ ಅಥವಾ ನೀರಿನ ಬಟ್ಟಲಿಗೆ ಸೇರಿದರೆ ಹೀಟರ್ ನಿಲ್ಲುವುದೇ ಇಲ್ಲ.

ಅಗ್ಗದ ಥರ್ಮೋಸ್ಟಾಟ್‌ನ ರಿಲೇ (ಒಳಗಿನ ಸ್ವಿಚ್) ಕೆಲವೊಮ್ಮೆ ಆನ್ ಆಗಿಯೇ ಕಚ್ಚಿಕೊಳ್ಳುತ್ತದೆ, ಮಾರುವವರು ಇದನ್ನು ಹೇಳುವುದಿಲ್ಲ. ಹಾಗಾಗಿ ಅದೇ ಲೈನಿನಲ್ಲಿ ಸರಣಿಯಾಗಿ ಇನ್ನೊಂದು ಥರ್ಮೋಸ್ಟಾಟ್ ಕೂರಿಸಿ 36ಕ್ಕೆ ಇಡಿ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕಡಿಯುತ್ತದೆ. ನೋಡಬೇಕಾದ ಅಂಕಿ: ಬಿಸಿ ಜಾಗದ ಮೇಲ್ಮೈ 31ರಿಂದ 33, ತಂಪು ಬದಿ 24ರಿಂದ 26, ರಾತ್ರಿ 22ಕ್ಕಿಂತ ಕೆಳಗೆ ಬೇಡ. ಹಾವನ್ನು ಬಿಡುವ ಮೊದಲು ಮೂರು ನಾಲ್ಕು ದಿನ ಖಾಲಿ ಓಡಿಸಿ, ಬೆಳಗಿನ ಜಾವದ ಅಂಕಿ ಬರೆದಿಡಿ. ಡಿಸೆಂಬರ್-ಜನವರಿಯ ನಮ್ಮ ಚಳಿಗೆ 100 ವ್ಯಾಟ್ ಸಾಲದಿದ್ದರೆ ಹಿಂಬದಿಗೂ ಪಕ್ಕಗಳಿಗೂ ಹೊರಗಿನಿಂದ ಥರ್ಮೋಕೋಲ್ ಹಚ್ಚಿ. ಹೀಟರ್ ದೊಡ್ಡದು ಮಾಡಿದರೆ ತೇವ ಇನ್ನೂ ಬೇಗ ಆರುತ್ತದೆ.

ಏಪ್ರಿಲ್‌ನಲ್ಲಿ ತಲೆನೋವು ತಿರುಗುಮುರುಗು. ಥರ್ಮೋಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದು, ತಂಪು ಮಾಡಲಾರದು. ಶೀಟ್ ಮನೆಯಲ್ಲೋ ಪಶ್ಚಿಮದ ಗೋಡೆಗೋ ಪೆಟ್ಟಿಗೆ ಇಡಬೇಡಿ. ತಂಪು ಬದಿಯೇ 32 ದಾಟಿದರೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಡಿ. ಕರೆಂಟ್ ಹೋದಾಗ 100 ವ್ಯಾಟ್ ಮನೆಯ ಇನ್ವರ್ಟರ್‌ಗೆ ಹೊರೆಯೇನಲ್ಲ.

ತಿಪಟೂರಿನಿಂದ

ಕೆಳಗೆ ಹಾಸೋಕೆ ತೆಂಗಿನ ನಾರಿನ ಪುಡಿಗಿಂತ ಒಳ್ಳೇದು ಹುಡುಕಬೇಡಿ. 4x2ರ ತಳಕ್ಕೆ ಮೂರಿಂಚು ಅಂದರೆ ಎರಡು ಘನ ಅಡಿ, ಹತ್ತಿರ ಹತ್ತಿರ 57 ಲೀಟರ್. 5 ಕೆಜಿಯ ಒಂದು ಇಟ್ಟಿಗೆ ನೆನೆಸಿದರೆ 60 ಲೀಟರ್ ಮೇಲೆ ಬರುತ್ತೆ, ಲೆಕ್ಕ ಸರಿಹೋಯ್ತು. ಎರಡು ಸಲ ನೀರು ಬದಲಿಸಿ ತೊಳೆದು ಉಪ್ಪು ತೆಗೀರಿ. ನಾರಿನ ಮಿಲ್ ಪಕ್ಕ ರಾಶಿ ಬಿದ್ದಿರೋ ಹಳೇ ಪುಡಿ ಪುಕ್ಕಟೆ ಸಿಗುತ್ತೆ ಅಂತ ತರಬೇಡಿ, ಅದರಲ್ಲಿ ಹುಳ, ಬೂಷ್ಟು ಎಲ್ಲ ಇರುತ್ತೆ.

ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಆಮೇಲೆ ಚಿಮುಕಿಸೋ ಕೆಲಸ ಬಿಡಿ. ಚಿಮುಕಿಸಿದರೆ ತೇವಾಂಶ ಒಂದು ಗಂಟೆ 80 ತೋರಿಸಿ ಮತ್ತೆ ಬೀಳುತ್ತೆ, ಮೇಲ್ಪದರ ಮಾತ್ರ ಒದ್ದೆ ಇದ್ದು ಹೊಟ್ಟೆಯ ಹುರುಪೆ ಕೊಳೆಯೋಕೆ ಶುರು. ವಾರಕ್ಕೊಂದು ಸಲ ಮೂಲೆಗಳಲ್ಲಿ ಒಟ್ಟು ಒಂದು ಲೀಟರ್ ನೀರು ಇಳಿಬಿಡಿ. ತಳ ಹಸಿ, ಮೇಲೆ ಒಣಗಲು. ಹೀಗಿದ್ದರೆ 55ರಿಂದ 70ರಲ್ಲಿ ತಾನೇ ನಿಲ್ಲುತ್ತೆ. ಹೆಚ್ಚುಕಮ್ಮಿ ಆದರೆ ನೀರಿನ ಅಳತೆ ಬದಲಿಸಿ, ತೂತುಗಳನ್ನ ಪೂರ್ತಿ ಮುಚ್ಚಬೇಡಿ.

ತೇವಾಂಶ ಅಳೆಯೋಕೆ ಮುಳ್ಳು ತಿರುಗೋ ಅಗ್ಗದ ಹೈಗ್ರೋಮೀಟರ್ ನಂಬಬೇಡಿ. ಡಿಜಿಟಲ್ ತಗೊಂಡು ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಉಪ್ಪು, ನಾಲ್ಕು ಹನಿ ನೀರು ಹಾಕಿ, ಆ ಮುಚ್ಚಳ, ಮೀಟರ್ ಎರಡನ್ನೂ ಜಿಪ್ ಕವರ್‌ನಲ್ಲಿ 12 ಗಂಟೆ ಇಟ್ಟರೆ 75 ತೋರಿಸಬೇಕು. ಚಿಂತಾಮಣಿ ಕಡೆ ರೇಷ್ಮೆ ಸಾಕೋರ ಮನೇಲಿ ಒಣ-ಹಸಿ ಥರ್ಮಾಮೀಟರ್ ಇದ್ದೇ ಇರುತ್ತೆ, ಅದರ ಜೊತೆ ಹೋಲಿಸಿದರೂ ಆಯ್ತು.

ತುಮಕೂರಿನಿಂದ

ಪುಡಿಯ ಬಗ್ಗೆ ಒಂದು ತಕರಾರು. ಹಾವು ಹೊಸದಾಗಿ ಬಂದಿದ್ದರೆ, ಮೈಮೇಲೆ ಉಣುಗು ಇರೋ ಅನುಮಾನ ಇದ್ದರೆ ಮೊದಲ ಒಂದೆರಡು ತಿಂಗಳು ಟಿಶ್ಯೂ ಪೇಪರ್ ಮೇಲೇ ಇರಲಿ. ಕಂದು ಪುಡಿಯಲ್ಲಿ ಉಣುಗು ಕಾಣೋದೇ ಇಲ್ಲ.

ಅಡಗೋಕೆ ಒಂದೇ ಥರದ ಎರಡು ಜಾಗ, ಬಿಸಿ ಬದಿಗೊಂದು, ತಂಪು ಬದಿಗೊಂದು. ಒಂದೇ ಇಟ್ಟರೆ ಹಾವು ಬಿಸಿಗಿಂತ ಮರೆಯನ್ನೇ ಆರಿಸಿಕೊಂಡು ಮೇವು ಬಿಡುತ್ತೆ. ಮಣ್ಣಿನ ಕುಂಡ ಬೋರಲು ಹಾಕಬಹುದು, ಬಾಯಿ ಒಡೆದು ಅಂಚನ್ನ ಮರಳು ಕಾಗದದಲ್ಲಿ ಉಜ್ಜಿ. ಕುಂಡದ ತಳದ ಸಣ್ಣ ತೂತನ್ನ ಮರೆಯದೆ ಮುಚ್ಚಿ. ತಲೆ ತೂರಿಸಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ. ಕಲ್ಲು ಇಡೋದಾದರೆ ನೇರ ತಳದ ಮೇಲೆ ಕೂರಿಸಿ ಸುತ್ತ ಪುಡಿ ಹಾಕಿ, ಪುಡಿ ಮೇಲೆ ಇಟ್ಟರೆ ಹಾವು ಕೆಳಗೆ ಕೊರೆದಾಗ ಕುಸಿಯುತ್ತೆ. ಕೊಂಬೆಗೆ ಸೀಬೆ, ಔಷಧಿ ಹೊಡೆಯದ ಹಿಪ್ಪುನೇರಳೆ ಸರಿ. ನೀಲಗಿರಿ ಬೇಡ, ಎಣ್ಣೆಯ ವಾಸನೆ ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬುತ್ತೆ.

ಕಾಗದ ಇದೆಯೋ ಇಲ್ಲವೋ ಬರೆದಿಲ್ಲ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದ ಪ್ರಾಣಿ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಇದನ್ನ ಓದಿ ತೋಟದ ಕೇರೆಯನ್ನೋ ಮಣ್ಣುಮುಕ್ಕನನ್ನೋ ಹಿಡಿದು ಇದೇ ಪೆಟ್ಟಿಗೆಗೆ ಹಾಕೋಣ ಅನ್ನೋರಿಗೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಕೇಳಿದವರು

ನೋಂದಣಿ ಆಗಿದೆ ಸರ್, ಪ್ರತಿ ಇದೆ. ಇನ್ನೆರಡು: ಇಲ್ಲಿ ಇರುವೆ ಜಾಸ್ತಿ, ಸುತ್ತ ಇರುವೆ ಚಾಕ್ ಎಳೀಬಹುದಾ? ಬೋರ್‌ವೆಲ್ ನೀರು ಇಡಬಹುದಾ?

ತುಮಕೂರಿನಿಂದ

ಚಾಕ್ ಬೇಡ, ಅದರಲ್ಲಿರೋ ಕೀಟನಾಶಕ ಹಾವಿನ ನರಕ್ಕೂ ಏಟು. ಆ ಕೋಣೇಲಿ ಸೊಳ್ಳೆ ಲಿಕ್ವಿಡ್ ಕೂಡ ಹಚ್ಚಬೇಡಿ. ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಸ್ಟ್ಯಾಂಡ್ ಗೋಡೆಯಿಂದ ಮೂರಿಂಚು ದೂರ ಇರಲಿ. ಹೀಟರ್ ವೈರ್ ಗೋಡೆಯಿಂದ ಬರುತ್ತಲ್ಲ, ಇರುವೆಗೆ ಅದೇ ಸೇತುವೆ. ವೈರ್ ಮೇಲೆ ಒಂದು ಕಡೆ ವ್ಯಾಸಲಿನ್ ಸವರಿ. ಕುಡಿಯೋಕೆ ಮನೆಯವರು ಕುಡಿಯೋ ಫಿಲ್ಟರ್ ನೀರೇ ಇಡಿ. ಹಾಸಿಗೂ ಅದನ್ನೇ ಹಾಕಿ, ಬೋರ್ ನೀರಿನ ಲವಣ ವಾರವಾರ ಪುಡಿಯಲ್ಲೇ ಉಳಿದು ಮೇಲೆ ಬಿಳಿ ಪದರ ಕಟ್ಟುತ್ತೆ.